ಸ್ವತಂತ್ರವೋ, ಅವಲಂಬಿತವೋ? ಗುಣಿಸುವ ಮೊದಲು ಎರಡು ಘಟನೆಗಳ ನಂಟು ಗುರುತಿಸುವುದು ಹೇಗೆ

ಸಂಭವನೀಯತೆಯ ಲೆಕ್ಕದಲ್ಲಿ ಗುಣಾಕಾರ ತಪ್ಪುವ ಮಕ್ಕಳು ಕಡಿಮೆ. ಎರಡು ಭಿನ್ನರಾಶಿ ಕೊಟ್ಟರೆ ಎಲ್ಲರೂ ಸರಿಯಾಗಿಯೇ ಗುಣಿಸುತ್ತಾರೆ. ತಪ್ಪಾಗುವುದು ಅದಕ್ಕಿಂತ ಒಂದು ಹೆಜ್ಜೆ ಮೊದಲು. ಈ ಎರಡು ಘಟನೆಗಳಿಗೆ ಒಂದಕ್ಕೊಂದು ನಂಟಿದೆಯಾ ಇಲ್ಲವಾ ಅಂತ ನೋಡದೆಯೇ ಗುಣಿಸಿಬಿಡುತ್ತಾರೆ. ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪರೀಕ್ಷೆಯಲ್ಲಿ ಹೀಗಾದರೆ ಒಂದೆರಡು ಅಂಕ ಹೋಗುತ್ತದೆ. ಆದರೆ ಇದೇ ತಪ್ಪು ಇಂಗ್ಲೆಂಡಿನ ಒಂದು ನ್ಯಾಯಾಲಯದಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳ ಎದುರು ಸಾಕ್ಷಿಯಾಗಿ ನಿಂತಿತ್ತು. ಆ ವಿಷಯಕ್ಕೆ ಮುಂದೆ ಬರೋಣ.

ನಿಮಗೆ ಬೇಕಾದ ತಯಾರಿ ತುಂಬಾ ಕಡಿಮೆ. ಒಂದು ಘಟನೆಯ ಸಂಭವನೀಯತೆ ಎಂದರೆ ನಮಗೆ ಬೇಕಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸುವುದು, ಎಲ್ಲ ಫಲಿತಗಳಿಗೂ ಸಮಾನ ಅವಕಾಶ ಇದ್ದಾಗ. ಇಷ್ಟು ಗೊತ್ತಿದ್ದರೆ ಸಾಕು. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಸಾಧ್ಯವಾದರೆ ಒಂದು ಕಟ್ಟು ಇಸ್ಪೀಟೆಲೆ ಮತ್ತು ಎರಡು ದಾಳ ಕೂಡ.

ಹಂತ 1: ಘಟನೆಗಳನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ

ಇದು ತೀರಾ ಸಣ್ಣ ಕೆಲಸ ಅನ್ನಿಸಬಹುದು. ಆದರೂ ಬಿಡಬೇಡಿ. "ಎಕ್ಕ ಮತ್ತು ಎಕ್ಕ" ಎಂದು ಬರೆದರೆ ಏನೂ ಗೊತ್ತಾಗುವುದಿಲ್ಲ. "52 ಎಲೆಗಳ ಕಟ್ಟಿನಿಂದ ಮೊದಲು ತೆಗೆದ ಎಲೆ ಎಕ್ಕ. ಅದನ್ನು ವಾಪಸ್ ಇಡದೆ ಎರಡನೇ ಸಲ ತೆಗೆದ ಎಲೆಯೂ ಎಕ್ಕ." ಹೀಗೆ ಬರೆದ ಕ್ಷಣಕ್ಕೇ ಅರ್ಧ ಉತ್ತರ ಕಣ್ಣಿಗೆ ಬೀಳುತ್ತದೆ. ಎಷ್ಟು ಎಲೆ, ವಾಪಸ್ ಇಟ್ಟರಾ ಇಲ್ಲವಾ, ಒಂದೇ ಸಲ ತೆಗೆದದ್ದಾ ಎರಡು ಸಲವಾ? ಈ ಮೂರೂ ವಾಕ್ಯದೊಳಗೆ ಬರಲೇಬೇಕು.

ಹಂತ 2: ಸುದ್ದಿಯ ಪ್ರಶ್ನೆ ಕೇಳಿ

ಇಡೀ ವಿಷಯ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಮೊದಲನೇ ಘಟನೆ ನಡೆಯಿತು ಎಂಬ ಸುದ್ದಿ ನನ್ನ ಕಿವಿಗೆ ಬಿದ್ದರೆ, ಎರಡನೆಯದರ ಬಗ್ಗೆ ನಾನು ಹಾಕಿದ್ದ ಲೆಕ್ಕ ಬದಲಾಗುತ್ತದಾ?

ಬದಲಾಗದಿದ್ದರೆ ಅವು ಸ್ವತಂತ್ರ ಘಟನೆಗಳು. ಬದಲಾದರೆ ಅವಲಂಬಿತ ಘಟನೆಗಳು. ಸುದ್ದಿ ಕೇಳಿದ ಮೇಲೆ ಹೊಸದಾಗಿ ಹಾಕುವ ಆ ಲೆಕ್ಕಕ್ಕೆ ಷರತ್ತುಬದ್ಧ ಸಂಭವನೀಯತೆ ಎನ್ನುತ್ತಾರೆ.

"ಸುದ್ದಿ" ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ತುಂಬಾ ಜನ "ಒಂದರಿಂದ ಇನ್ನೊಂದರ ಮೇಲೆ ಪರಿಣಾಮ ಆಗುತ್ತದಾ?" ಎಂದು ಕೇಳಿಕೊಳ್ಳುತ್ತಾರೆ. ಆ ಪ್ರಶ್ನೆ ಅರ್ಧ ದಾರಿಯವರೆಗೆ ಮಾತ್ರ ಕೈ ಹಿಡಿಯುತ್ತದೆ. ಇಸ್ಪೀಟಿನ ಉದಾಹರಣೆಯನ್ನೇ ತಿರುಗಿಸಿ ನೋಡಿ. ಕಟ್ಟಿನಿಂದ ಒಂದು ಎಲೆ ತೆಗೆದು, ನೋಡದೆ, ಬೋರಲು ಹಾಕಿ ಮೇಜಿನ ಮೇಲೆ ಇಟ್ಟಿರಿ. ಆಮೇಲೆ ಎರಡನೇ ಎಲೆ ತೆಗೆದು ನೋಡಿದಿರಿ. ಅದು ಎಕ್ಕ. ಈಗ ಬೋರಲು ಬಿದ್ದಿರುವ ಮೊದಲನೇ ಎಲೆ ಎಕ್ಕ ಆಗಿರುವ ಸಾಧ್ಯತೆ ಎಷ್ಟು? ಮೊದಲು 4/52 ಇತ್ತು. ಈಗ 3/51. ಎರಡನೇ ಎಲೆ ಹಿಂದಕ್ಕೆ ಹೋಗಿ ಮೊದಲ ಎಲೆಯನ್ನು ಬದಲಿಸಲು ಆಗುತ್ತದಾ? ಖಂಡಿತ ಇಲ್ಲ. ಎಲೆ ಹಾಗೆಯೇ ಬಿದ್ದಿದೆ. ಬದಲಾದದ್ದು ನಮ್ಮ ತಿಳಿವಳಿಕೆ. ಸಂಭವನೀಯತೆ ಅಳೆಯುವುದು ಅದನ್ನೇ. ಹಾಗಾಗಿ ಈ ನಂಟು ಎರಡೂ ಕಡೆಗೆ ಹರಿಯುತ್ತದೆ. ಮೊದಲನೆಯದು ಎರಡನೆಯದರ ಬಗ್ಗೆ ಸುದ್ದಿ ಕೊಡುತ್ತದೆ ಎಂದರೆ, ಎರಡನೆಯದೂ ಮೊದಲನೆಯದರ ಬಗ್ಗೆ ಕೊಟ್ಟೇ ಕೊಡುತ್ತದೆ.

ಹಂತ 3: ವಾಪಸ್ ಇಟ್ಟರಾ ನೋಡಿ

ಪಠ್ಯಪುಸ್ತಕದ ಅರ್ಧಕ್ಕೂ ಜಾಸ್ತಿ ಲೆಕ್ಕಗಳು ಈ ಹಂತದಲ್ಲೇ ಮುಗಿಯುತ್ತವೆ. ಚೀಲದಿಂದ ಗೋಲಿ, ಕಟ್ಟಿನಿಂದ ಎಲೆ, ಡಬ್ಬಿಯಿಂದ ಚೀಟಿ ತೆಗೆಯುವ ಲೆಕ್ಕ ಬಂದರೆ ಒಂದೇ ನೋಡಿ. ತೆಗೆದದ್ದನ್ನು ವಾಪಸ್ ಹಾಕಿ ಕಲಸಿದರೆ ಎರಡನೇ ಸಲ ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಆಗ ಸ್ವತಂತ್ರ. ವಾಪಸ್ ಹಾಕದಿದ್ದರೆ ಚೀಲವೇ ಬದಲಾಗಿದೆ. ಆಗ ಅವಲಂಬಿತ.

ಎರಡು ಎಕ್ಕ ಬರುವ ಲೆಕ್ಕ ಹೀಗಿದೆ. ವಾಪಸ್ ಇಟ್ಟರೆ 4/52 × 4/52, ಅಂದರೆ 1/169. ವಾಪಸ್ ಇಡದಿದ್ದರೆ 4/52 × 3/51, ಅಂದರೆ 1/221. ಎರಡರಲ್ಲೂ ಗುಣಿಸಿದ್ದೇವೆ, ಗಮನಿಸಿ. ಅವಲಂಬಿತ ಘಟನೆಗಳನ್ನು ಗುಣಿಸಬಾರದು ಎಂಬ ನಂಬಿಕೆ ಕೆಲವರಿಗಿದೆ, ಅದು ಸರಿಯಲ್ಲ. ಗುಣಿಸಬಹುದು. ಆದರೆ ಎರಡನೇ ಸಂಖ್ಯೆ ಸುದ್ದಿ ಕೇಳಿದ ಮೇಲಿನದ್ದಾಗಿರಬೇಕು. ನಿಯಮ ಒಂದೇ: ಮೊದಲನೆಯದರ ಸಂಭವನೀಯತೆ × ಮೊದಲನೆಯದು ನಡೆದಿದೆ ಎಂದು ಗೊತ್ತಿರುವಾಗ ಎರಡನೆಯದರ ಸಂಭವನೀಯತೆ. ಸ್ವತಂತ್ರ ಘಟನೆಗಳಲ್ಲಿ ಆ ಸುದ್ದಿಯಿಂದ ಏನೂ ಬದಲಾಗದ ಕಾರಣ ಎರಡನೆಯದರ ಹಳೆಯ ಸಂಖ್ಯೆಯನ್ನೇ ಬಳಸುತ್ತೇವೆ.

ತಂಬೋಲ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. 1ರಿಂದ 90ರವರೆಗಿನ ಸಂಖ್ಯೆಗಳು. ಒಮ್ಮೆ ಕೂಗಿದ ಸಂಖ್ಯೆ ಮತ್ತೆ ಬರುವುದಿಲ್ಲ. ಮೊದಲ ಸಂಖ್ಯೆ ಸಮ ಆಗುವ ಸಾಧ್ಯತೆ 45/90. ಅದು ಸಮ ಆಗಿದ್ದರೆ ಎರಡನೆಯದೂ ಸಮ ಆಗುವ ಸಾಧ್ಯತೆ 44/89. ಮೊದಲನೆಯದು ಬೆಸ ಆಗಿದ್ದರೆ 45/89. ಸಂಖ್ಯೆ ಬದಲಾಯಿತು, ಆದ್ದರಿಂದ ಅವಲಂಬಿತ. ಆದರೆ ಎಷ್ಟು ಬದಲಾಯಿತು ನೋಡಿ. ಎರಡೂ ಸಮ ಆಗುವ ಸಾಧ್ಯತೆ 22/89, ಸುಮಾರು 0.247. ವಾಪಸ್ ಹಾಕಿ ಆಡಿದ್ದರೆ 0.25 ಇರುತ್ತಿತ್ತು. ವ್ಯತ್ಯಾಸ ಕೂದಲೆಳೆಯಷ್ಟು. ರಾಶಿ ದೊಡ್ಡದಿದ್ದು ತೆಗೆಯುವುದು ಕಡಿಮೆ ಇದ್ದರೆ ಅವಲಂಬಿತ ಘಟನೆಗಳನ್ನೂ ಸ್ವತಂತ್ರ ಎಂದೇ ಹಿಡಿದು ಲೆಕ್ಕ ಮಾಡುವುದು ರೂಢಿಯಲ್ಲಿದೆ. ರಾಶಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆ ತೆಗೆಯುತ್ತಿದ್ದರೆ ಪರವಾಗಿಲ್ಲ ಎಂಬುದು ಸಂಖ್ಯಾಶಾಸ್ತ್ರದವರ ಕೈ ಅಳತೆ. ಲಕ್ಷಾಂತರ ಜನರಿರುವ ಊರಿನಲ್ಲಿ ಸಾವಿರ ಜನರನ್ನು ಮಾತಾಡಿಸುವ ಸಮೀಕ್ಷೆಗಳು ನಡೆಯುವುದು ಈ ನೆಲೆಯ ಮೇಲೆಯೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನು ನಿಧಾನವಾಗಿ ಓದಿ. 10 ಚೀಟಿ ಇವೆ, ಒಂದರಲ್ಲಿ ಮಾತ್ರ ಬಹುಮಾನ. ಹತ್ತು ಜನ ಸಾಲಾಗಿ ಬಂದು ಒಂದೊಂದು ಎತ್ತುತ್ತಾರೆ. "ಮೊದಲು ಹೋದವರಿಗೆ ಅವಕಾಶ ಜಾಸ್ತಿ" ಎಂದು ಎಲ್ಲ ಮನೆಗಳಲ್ಲೂ ಜಗಳ ಆಗುತ್ತದೆ, ಅಲ್ವಾ? ಲೆಕ್ಕ ಮಾಡೋಣ. ಮೊದಲನೆಯವರಿಗೆ 1/10. ಎರಡನೆಯವರಿಗೆ ಸಿಗಬೇಕಾದರೆ ಮೊದಲನೆಯವರಿಗೆ ಸಿಕ್ಕಿರಬಾರದು, ಅದಕ್ಕೆ 9/10. ಆಮೇಲೆ ಉಳಿದ 9ರಲ್ಲಿ ಇವರು ಸರಿಯಾದದ್ದನ್ನು ಎತ್ತಬೇಕು, ಅದಕ್ಕೆ 1/9. ಗುಣಿಸಿದರೆ 1/10. ಎಲ್ಲರಿಗೂ 1/10 ಮಾತ್ರ. ಹಾಗಾದರೆ ಇವು ಸ್ವತಂತ್ರವಾ? ಅಲ್ಲವೇ ಅಲ್ಲ. ಮೊದಲನೆಯವರು ಚೀಟಿ ಬಿಚ್ಚಿ ತೋರಿಸಿದ ಕ್ಷಣಕ್ಕೆ ಎರಡನೆಯವರ ಸಾಧ್ಯತೆ ಸೊನ್ನೆ ಆಗುತ್ತದೆ, ಇಲ್ಲವೇ 1/9 ಆಗುತ್ತದೆ. ಇಬ್ಬರ ಸಾಧ್ಯತೆಯೂ ಸಮ ಎಂಬುದು ಒಂದು ಮಾತು. ಇಬ್ಬರ ಫಲಿತ ಸ್ವತಂತ್ರ ಎಂಬುದು ಬೇರೆಯೇ ಮಾತು. ಇವೆರಡನ್ನೂ ಒಂದೇ ಎಂದುಕೊಂಡರೆ ಎಲ್ಲ ಲೆಕ್ಕವೂ ಎಡವುತ್ತದೆ.

ಹಂತ 4: ಒಂದೇ ಎಸೆತದಲ್ಲಿ ಎರಡು ಘಟನೆ ಇದ್ದರೆ ಗುಣಾಕಾರದಿಂದ ಪರೀಕ್ಷಿಸಿ

ಮೊದಲು, ಆಮೇಲೆ ಎಂಬುದಿಲ್ಲದ ಲೆಕ್ಕಗಳಲ್ಲಿ ಅಂದಾಜು ಕೈಕೊಡುತ್ತದೆ. ಒಂದೇ ದಾಳ, ಒಂದೇ ಸಲ ಎಸೆದಿದ್ದೀರಿ. "ಸಮ ಸಂಖ್ಯೆ" ಮತ್ತು "3ರ ಗುಣಕ", ಇವು ಸ್ವತಂತ್ರವಾ? ಒಂದೇ ದಾಳದ ಒಂದೇ ಮುಖದಿಂದ ಎರಡೂ ಬಂದಿವೆ. ಹಾಗಾಗಿ ನಂಟು ಇರಲೇಬೇಕು ಎಂದು ಮನಸ್ಸು ಹೇಳುತ್ತದೆ. ಮನಸ್ಸನ್ನು ಬದಿಗಿಡಿ. ಮೂರು ಸಂಖ್ಯೆ ಬರೆಯಿರಿ: ಮೊದಲನೆಯದರ ಸಂಭವನೀಯತೆ, ಎರಡನೆಯದರದು, ಎರಡೂ ಒಟ್ಟಿಗೆ ಆಗುವುದರದು. ಮೊದಲೆರಡರ ಗುಣಲಬ್ಧ ಮೂರನೆಯದಕ್ಕೆ ಸರಿಸಮ ಆದರೆ ಸ್ವತಂತ್ರ. ಆಗದಿದ್ದರೆ ಅವಲಂಬಿತ.

ಸಮ ಸಂಖ್ಯೆಗಳು 2, 4, 6, ಅಂದರೆ 1/2. 3ರ ಗುಣಕಗಳು 3, 6, ಅಂದರೆ 1/3. ಎರಡೂ ಆಗುವುದು 6 ಮಾತ್ರ, ಅಂದರೆ 1/6. 1/2 × 1/3 = 1/6. ಸ್ವತಂತ್ರ! ಸುದ್ದಿಯ ಪ್ರಶ್ನೆಯಿಂದ ತಾಳೆ ನೋಡಿ. "ಸಮ ಬಿದ್ದಿದೆ" ಎಂದು ಯಾರೋ ಹೇಳಿದರೆ ಉಳಿಯುವುದು 2, 4, 6. ಅದರಲ್ಲಿ 3ರ ಗುಣಕ ಒಂದು. ಮತ್ತೆ 1/3. ಸುದ್ದಿಯಿಂದ ಏನೂ ಬದಲಾಗಲಿಲ್ಲ.

ಈಗ "ಸಮ" ಮತ್ತು "3ಕ್ಕಿಂತ ಜಾಸ್ತಿ" ತೆಗೆದುಕೊಳ್ಳಿ. ಎರಡಕ್ಕೂ 1/2. ಗುಣಿಸಿದರೆ 1/4. ಆದರೆ ಎರಡೂ ಆಗುವುದು 4 ಮತ್ತು 6, ಅಂದರೆ 1/3. ಅವಲಂಬಿತ.

ಎರಡು ದಾಳಗಳ ಲೆಕ್ಕ ಇನ್ನೂ ಚೆನ್ನಾಗಿದೆ. ಒಂದು ಕೆಂಪು, ಒಂದು ನೀಲಿ. "ಕೆಂಪಿನಲ್ಲಿ 4" ಮತ್ತು "ಮೊತ್ತ 7". ಮೊತ್ತ 7 ಬರುವ ದಾರಿಗಳು 36ರಲ್ಲಿ 6. ಎರಡೂ ಆಗುವುದು ಕೆಂಪು 4, ನೀಲಿ 3 ಎಂಬ ಒಂದೇ ದಾರಿ, 1/36. 1/6 × 1/6 ಕೂಡ 1/36. ಸ್ವತಂತ್ರ. ಮೊತ್ತವನ್ನು 8 ಮಾಡಿ. ಈಗ ದಾರಿಗಳು 5. ಎರಡೂ ಆಗುವುದು ಮತ್ತೆ 1/36, ಆದರೆ 1/6 × 5/36 = 5/216. 1/36 ಎಂದರೆ 6/216. ಹೊಂದುವುದಿಲ್ಲ, ಅವಲಂಬಿತ. ಕಾರಣ ಸರಳ. ಕೆಂಪಿನಲ್ಲಿ ಏನೇ ಬಂದರೂ ಅದನ್ನು 7 ಮಾಡಲು ನೀಲಿಯಲ್ಲಿ ಸರಿಯಾಗಿ ಒಂದು ಮುಖ ಇದ್ದೇ ಇರುತ್ತದೆ. 8ಕ್ಕೆ ಹಾಗಲ್ಲ. ಕೆಂಪಿನಲ್ಲಿ 1 ಬಿದ್ದರೆ 8ರ ಆಸೆಯೇ ಬಿಟ್ಟಂತೆ. ಹಾಗಾಗಿ ಕೆಂಪಿನ ಸುದ್ದಿ 8ರ ಬಗ್ಗೆ ಏನೋ ಹೇಳುತ್ತದೆ, 7ರ ಬಗ್ಗೆ ಏನೂ ಹೇಳುವುದಿಲ್ಲ.

ಇಸ್ಪೀಟಿನಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇದೆ. ಒಂದೇ ಎಲೆ ತೆಗೆಯಿರಿ. "ಎಕ್ಕ" ಮತ್ತು "ಆಟೀನ್". ಎಕ್ಕಕ್ಕೆ 4/52, ಆಟೀನಿಗೆ 13/52. ಗುಣಿಸಿದರೆ 1/52. ಆಟೀನ್ ಎಕ್ಕ ಒಂದೇ ಇರುವುದರಿಂದ ಎರಡೂ ಆಗುವುದಕ್ಕೆ 1/52. ಸ್ವತಂತ್ರ. ಈಗ ಆ ಕಟ್ಟಿನಲ್ಲಿ ಒಂದು ಎಲೆ ಕಳೆದುಹೋಗಿದೆ ಎಂದುಕೊಳ್ಳಿ. ಕಳಾವರ್ ಎರಡು, ಅಷ್ಟೇ. ಎಕ್ಕವೂ ಅಲ್ಲ, ಆಟೀನೂ ಅಲ್ಲ. ಉಳಿದದ್ದು 51 ಎಲೆ. 4/51 × 13/51 = 52/2601, ಸುಮಾರು 0.01999. ಎರಡೂ ಆಗುವುದಕ್ಕೆ 1/51, ಸುಮಾರು 0.01961. ಹೊಂದುವುದಿಲ್ಲ! ಸಂಬಂಧವೇ ಇಲ್ಲದ ಒಂದು ಎಲೆ ಕಾಣೆಯಾದದ್ದಕ್ಕೆ ಎಕ್ಕ ಮತ್ತು ಆಟೀನ್ ಅವಲಂಬಿತವಾಗಿಬಿಟ್ಟವು. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಪೂರ್ತಿ ಕಟ್ಟಿನಲ್ಲಿ ನಾಲ್ಕೂ ಬಣ್ಣಗಳಲ್ಲಿ (ಆಟೀನ್, ಕಳಾವರ್, ಡೈಮನ್, ಇಸ್ಪೀಟ್) ಎಕ್ಕದ ಪಾಲು 13ಕ್ಕೆ ಒಂದು. ಆ ಸಮತೋಲನವೇ ಸ್ವಾತಂತ್ರ್ಯ. ಕಳಾವರಿನಲ್ಲಿ ಈಗ ಅದು 12ಕ್ಕೆ ಒಂದಾಯಿತು, ಸಮತೋಲನ ಹೋಯಿತು. ಅದಕ್ಕೇ ಒಂದನೇ ಹಂತದಲ್ಲಿ ಎಷ್ಟು ಎಲೆ ಎಂದು ಬರೆಯಲು ಹೇಳಿದ್ದು. ಜೋಕರ್‌ಗಳನ್ನು ಸೇರಿಸಿದರೂ ಇದೇ ಕಥೆ.

ಹಂತ 5: "ಒಟ್ಟಿಗೆ ಆಗದವು" ಎಂಬುದನ್ನು "ಸ್ವತಂತ್ರ" ಎಂದುಕೊಳ್ಳಬೇಡಿ

ಪರೀಕ್ಷೆಯಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ. ಎರಡು ಘಟನೆಗಳು ಒಟ್ಟಿಗೆ ನಡೆಯಲು ಸಾಧ್ಯವೇ ಇಲ್ಲದಿದ್ದರೆ ಅವು ಪರಸ್ಪರ ವರ್ಜಿಸುವ ಘಟನೆಗಳು. ಒಂದು ನಾಣ್ಯ ಚಿಮ್ಮಿದರೆ ತಲೆ ಬೀಳಬಹುದು, ಹೂ ಬೀಳಬಹುದು. ಎರಡೂ ಒಟ್ಟಿಗೆ ಇಲ್ಲ. "ಎರಡಕ್ಕೂ ಸಂಬಂಧ ಇಲ್ಲ, ಬೇರೆ ಬೇರೆ ಇವೆ, ಆದ್ದರಿಂದ ಸ್ವತಂತ್ರ" ಎಂದು ಮಕ್ಕಳು ಬರೆಯುತ್ತಾರೆ. ಪೂರ್ತಿ ಉಲ್ಟಾ. ತಲೆ ಬಿತ್ತು ಎಂಬ ಸುದ್ದಿ ಬಂದ ಕೂಡಲೇ ಹೂವಿನ ಸಾಧ್ಯತೆ 1/2ರಿಂದ ನೇರ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ಗಟ್ಟಿ ನಂಟು ಇನ್ನೇನಿದೆ? ಎರಡೂ ಘಟನೆಗಳಿಗೆ ಸೊನ್ನೆಗಿಂತ ಜಾಸ್ತಿ ಸಾಧ್ಯತೆ ಇದ್ದು, ಅವು ಒಟ್ಟಿಗೆ ಆಗದವಾಗಿದ್ದರೆ, ಅವು ಯಾವತ್ತೂ ಅವಲಂಬಿತವೇ.

ಹಂತ 6: ನೆನಪು ಇದೆಯಾ ಎಂದು ಕೇಳಿ

ಹಿಂದಿನ ಹಂತಗಳಲ್ಲಿ ನಂಟು ಇದ್ದರೂ ಕಾಣದೆ ಹೋಗುವ ಅಪಾಯ ಇತ್ತು. ಇಲ್ಲಿ ಇಲ್ಲದ ನಂಟನ್ನು ಕಾಣುವ ಅಪಾಯ.

ಚೌಕಾಬಾರ ಆಡುವಾಗ ನಾಲ್ಕು ಕವಡೆ ಎಸೆಯುತ್ತೇವೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. "ಎಷ್ಟೊತ್ತಿನಿಂದ ಬಾರ ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ ನೋಡು" ಎನ್ನುವವರು ಪ್ರತಿ ಆಟದಲ್ಲೂ ಇರುತ್ತಾರೆ. ಕವಡೆಗೆ ನೆನಪಿಲ್ಲ. ಹತ್ತು ಸಲ ಬಾರ ಬಿದ್ದಿಲ್ಲ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಕೈಯಲ್ಲಿ ಚೆನ್ನಾಗಿ ಕುಲುಕಿ ಎಸೆದರೆ ಪ್ರತಿ ಎಸೆತವೂ ಹೊಸದು.

ಇನ್ನೊಂದು ಮಾತು. ಕವಡೆ ನಾಣ್ಯದಂತಲ್ಲ. ಅದರ ಎರಡು ಬದಿಗಳ ಆಕಾರವೇ ಬೇರೆ, ಬಾಯಿ ಮೇಲಾಗುವುದು ಸರಿಯಾಗಿ ಅರ್ಧ ಎಂದು ಹೇಳಲು ಆಗುವುದಿಲ್ಲ. ಆದರೂ ಎಸೆತಗಳು ಸ್ವತಂತ್ರವೇ. ಸಮಾನ ಅವಕಾಶ ಬೇರೆ, ಸ್ವಾತಂತ್ರ್ಯ ಬೇರೆ. ಓರೆಯಾದ, ಅಂದರೆ ಒಂದು ಬದಿಯೇ ಹೆಚ್ಚು ಸಲ ಬೀಳುವ ನಾಣ್ಯದ ಎರಡು ಚಿಮ್ಮುವಿಕೆಗಳೂ ಸ್ವತಂತ್ರ.

ಈ ತಪ್ಪಿನ ಬಹಳ ದೊಡ್ಡ ಉದಾಹರಣೆ 1913ರ ಆಗಸ್ಟ್ 18ರಂದು ಮೊನಾಕೋದ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಆಯಿತು. ರೂಲೆಟ್ ಚಕ್ರದಲ್ಲಿ 37 ಮನೆಗಳು, 18 ಕೆಂಪು, 18 ಕಪ್ಪು, ಒಂದು ಸೊನ್ನೆ. ಆ ರಾತ್ರಿ ಚೆಂಡು ಸತತವಾಗಿ 26 ಸಲ ಕಪ್ಪಿನಲ್ಲೇ ನಿಂತಿತು. ಹದಿನೈದು ಸಲ ಕಪ್ಪು ಬಂದ ಮೇಲೆ "ಇನ್ನು ಕೆಂಪು ಬರಲೇಬೇಕು" ಎಂದು ಜನ ಮುಗಿಬಿದ್ದು ಕೆಂಪಿನ ಮೇಲೆ ಹಣ ಕಟ್ಟಿದರು. ಕಟ್ಟಿದ್ದೆಲ್ಲ ಹೋಯಿತು. ಪ್ರತಿ ಸುತ್ತಿನಲ್ಲೂ ಕೆಂಪಿನ ಸಾಧ್ಯತೆ 18/37 ಮಾತ್ರ ಇತ್ತು, ಮೊದಲ ಸುತ್ತಿನಲ್ಲೂ, ಇಪ್ಪತ್ತಾರನೆಯದರಲ್ಲೂ. 26 ಸಲ ಸತತ ಕಪ್ಪು ಬರುವುದು ಸುಮಾರು 13.7 ಕೋಟಿಗೆ ಒಂದು ಸಾಧ್ಯತೆ, ನಿಜ. ಆದರೆ 25 ಸಲ ಬಂದಾಗಿದೆ ಎಂದು ಗೊತ್ತಿರುವಾಗ ಇಪ್ಪತ್ತಾರನೆಯದು ಬರಲು ಬೇಕಾದದ್ದು ಇನ್ನೊಂದೇ 18/37.

ನಮ್ಮ ಮನೆಗಳಲ್ಲಿ ಇದೇ ತಪ್ಪು ನೋವು ಕೊಡುವ ರೂಪದಲ್ಲಿ ಬರುತ್ತದೆ. "ಮೂರು ಹೆಣ್ಣಾಯ್ತು, ಈ ಸಲ ಗಂಡೇ." ಹಿಂದಿನ ಮಕ್ಕಳು ಯಾರು ಎಂಬುದರಿಂದ ಮುಂದಿನ ಮಗುವಿನ ಸಾಧ್ಯತೆ ಗಂಡಿನ ಕಡೆಗೆ ವಾಲುವುದಿಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕರ್ಧ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನ ಆಗುತ್ತದೆ. ಅದಕ್ಕೂ ತಾಯಿಯನ್ನೇ ದೂರುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಈ ಲೆಕ್ಕ ಶಾಲೆಯ ಹೊರಗೂ ಗೊತ್ತಿರಬೇಕು ಅನ್ನಿಸುವುದು ಇಂಥ ಕಡೆಯೇ.

ಒಂದು ಎಚ್ಚರಿಕೆ. ನಾಣ್ಯ ಹೇಗಿದೆ ಎಂದು ನಮಗೆ ಗೊತ್ತಿಲ್ಲದಿದ್ದರೆ ಕಥೆ ಬದಲಾಗುತ್ತದೆ. ಅಪರಿಚಿತ ನಾಣ್ಯ ಸತತ ಇಪ್ಪತ್ತು ಸಲ ತಲೆ ಬಿದ್ದರೆ, ಅದು ಓರೆಯಾಗಿದೆ ಅಥವಾ ಎರಡೂ ಕಡೆ ತಲೆಯೇ ಇದೆ ಎಂಬ ಅನುಮಾನ ಬರಬೇಕು. ಹಿಂದಿನ ಫಲಿತಗಳು ಇಲ್ಲಿ ನಾಣ್ಯದ ಬಗ್ಗೆ ಸುದ್ದಿ ಕೊಡುತ್ತಿವೆ. ಆಗ ಮುಂದಿನದೂ ತಲೆಯೇ ಬೀಳುವ ಸಾಧ್ಯತೆ ಏರುತ್ತದೆ. ಯಾವ ಲೆಕ್ಕದಲ್ಲೂ ಹೂವಿನ ಸಾಧ್ಯತೆ ಏರುವುದಿಲ್ಲ.

ಹಂತ 7: ಹಿಂದೆ ಅಡಗಿರುವ ಒಂದೇ ಕಾರಣವನ್ನು ಹುಡುಕಿ

ಇದು ನಿಜ ಜೀವನದ ಹಂತ. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ.

"ಇವತ್ತು ಬೀದಿಯಲ್ಲಿ ಛತ್ರಿ ಜಾಸ್ತಿ ಕಾಣುತ್ತಿದೆ." "ಇವತ್ತು ಟ್ರಾಫಿಕ್ ಜಾಮ್ ಆಗಿದೆ." ಛತ್ರಿಯಿಂದ ಜಾಮ್ ಆಗುವುದಿಲ್ಲ. ಜಾಮ್‌ನಿಂದ ಛತ್ರಿ ಬಿಚ್ಚಿಕೊಳ್ಳುವುದಿಲ್ಲ. ಆದರೂ ಒಂದರ ಸುದ್ದಿ ಇನ್ನೊಂದರ ಲೆಕ್ಕ ಬದಲಿಸುತ್ತದೆ. ಎರಡರ ಹಿಂದೆಯೂ ಮಳೆ ಇದೆ. ಹೀಗೆ ಎರಡು ಘಟನೆಗಳು ನೇರವಾಗಿ ಮುಟ್ಟದಿದ್ದರೂ ಮೂರನೆಯದೊಂದು ಅವನ್ನು ಕಟ್ಟಿಹಾಕಿರಬಹುದು.

ನಾಲ್ಕು ಎಂಜಿನ್ ಇರುವ ವಿಮಾನ ನೋಡಿ. ಲೆಕ್ಕಕ್ಕಾಗಿ, ಒಂದು ಹಾರಾಟದಲ್ಲಿ ಒಂದು ಎಂಜಿನ್ ಕೆಡುವ ಸಾಧ್ಯತೆ 10,000ಕ್ಕೆ 1 ಎಂದುಕೊಳ್ಳಿ. ನಾಲ್ಕೂ ಕೆಡಬೇಕಾದರೆ ನಾಲ್ಕು ಸಲ ಗುಣಿಸಿ. ಛೇದದಲ್ಲಿ ಒಂದರ ಮುಂದೆ 16 ಸೊನ್ನೆ. ಅಂದರೆ ಯಾವತ್ತೂ ಆಗುವುದಿಲ್ಲ ಎಂದೇ ಲೆಕ್ಕ. ಆದರೆ 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಇಂಡೋನೇಷ್ಯಾದ ಜಾವಾ ಬಳಿ ಹಾರುವಾಗ ನಾಲ್ಕೂ ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು. ಗಲುಂಗುಂಗ್ ಜ್ವಾಲಾಮುಖಿ ಉಗುಳಿದ ಬೂದಿಯ ಮೋಡದೊಳಗೆ ವಿಮಾನ ಹೊಕ್ಕಿತ್ತು. ಒಂದು ಎಂಜಿನ್ ನುಂಗಿದ ಬೂದಿಯನ್ನೇ ಉಳಿದ ಮೂರೂ ನುಂಗಿದವು. ವಿಮಾನ ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹತ್ತಿಕೊಂಡವು. ಜಕಾರ್ತಾದಲ್ಲಿ ಎಲ್ಲರೂ ಸುರಕ್ಷಿತವಾಗಿ ಇಳಿದರು. ಬೇರೆ ಬೇರೆ ಕಾರಣಕ್ಕೆ ಕೆಡುವ ಎಂಜಿನ್‌ಗಳಿಗೆ ಗುಣಾಕಾರ ಸರಿ. ಒಂದೇ ಮೋಡದೊಳಗೆ ಹೊಕ್ಕ ಎಂಜಿನ್‌ಗಳಿಗೆ ಅಲ್ಲ.

ಇನ್ನು ಇಂಗ್ಲೆಂಡಿನ ಆ ಪ್ರಕರಣ. ಸ್ಯಾಲಿ ಕ್ಲಾರ್ಕ್ ವೃತ್ತಿಯಲ್ಲಿ ವಕೀಲೆ. ಅವರ ಎರಡು ಎಳೆಯ ಗಂಡುಮಕ್ಕಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡವು. ತಾಯಿಯ ಮೇಲೆಯೇ ಕೊಲೆಯ ಆರೋಪ ಬಂತು. 1999ರ ವಿಚಾರಣೆಯಲ್ಲಿ ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷಿ ನುಡಿದರು. ಇಂಥ ಅನುಕೂಲಸ್ಥ, ಧೂಮಪಾನ ಇಲ್ಲದ ಮನೆಯಲ್ಲಿ ಒಂದು ಶಿಶು ಹೀಗೆ ಹಠಾತ್ತಾಗಿ ಸಾಯುವ ಸಾಧ್ಯತೆ 8,543ಕ್ಕೆ 1. ಎರಡು ಶಿಶುಗಳಿಗೆ ಅದನ್ನೇ ಅದರಿಂದ ಗುಣಿಸಿ 7.3 ಕೋಟಿಗೆ 1 ಎಂದರು. ಸ್ಯಾಲಿಗೆ ಜೀವಾವಧಿ ಶಿಕ್ಷೆ ಆಯಿತು.

ಸುದ್ದಿಯ ಪ್ರಶ್ನೆ ಇಲ್ಲಿ ಕೇಳಿ ನೋಡಿ. ಒಂದು ಮನೆಯಲ್ಲಿ ಒಂದು ಮಗು ಹೀಗೆ ತೀರಿಕೊಂಡಿದೆ ಎಂದು ಗೊತ್ತಾದರೆ, ಅದೇ ಮನೆಯ ಇನ್ನೊಂದು ಮಗುವಿನ ಬಗ್ಗೆ ಲೆಕ್ಕ ಬದಲಾಗುವುದಿಲ್ಲವಾ? ಅದೇ ತಂದೆತಾಯಿ, ಅದೇ ರಕ್ತ, ಅದೇ ಮನೆ. ನಮಗೆ ಗೊತ್ತಿಲ್ಲದ ಯಾವುದೋ ಆನುವಂಶಿಕ ಕಾರಣ ಎರಡು ಮಕ್ಕಳಲ್ಲೂ ಇರಬಹುದು. ಸ್ವತಂತ್ರ ಎಂದು ಹಿಡಿಯಲು ಯಾವ ಆಧಾರವೂ ಇರಲಿಲ್ಲ. ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರ ಅಕ್ಟೋಬರಿನಲ್ಲಿ ಇದನ್ನೇ ಬಹಿರಂಗವಾಗಿ ಹೇಳಿತು. ಇನ್ನೊಂದು ತಪ್ಪನ್ನೂ ಅದು ಎತ್ತಿ ತೋರಿಸಿತು. ಅಪರೂಪದ ಘಟನೆ ನಡೆಯುವ ಸಾಧ್ಯತೆಯನ್ನು, ಆ ತಾಯಿ ನಿರಪರಾಧಿ ಆಗಿರುವ ಸಾಧ್ಯತೆ ಎಂದು ಓದಿಕೊಳ್ಳುವ ಅಪಾಯ ಅದು. ಒಂದೇ ಮನೆಯಲ್ಲಿ ಎರಡು ಕೊಲೆಯಾಗುವುದೂ ಅಪರೂಪವೇ, ಅದನ್ನು ಯಾರೂ ಪಕ್ಕದಲ್ಲಿಟ್ಟು ತೂಗಲಿಲ್ಲ. 2003ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು. ಎರಡನೇ ಮಗುವಿಗೆ ಸೋಂಕು ಇದ್ದಿರಬಹುದೆಂದು ತೋರಿಸುವ ಪ್ರಯೋಗಾಲಯದ ವರದಿ ಮೊದಲ ವಿಚಾರಣೆಯಲ್ಲಿ ಹೊರಗೆ ಬಂದಿರಲೇ ಇಲ್ಲ, ಬಿಡುಗಡೆಗೆ ಮುಖ್ಯ ಕಾರಣ ಅದು. ಸ್ಯಾಲಿ 2007ರಲ್ಲಿ ತೀರಿಕೊಂಡರು. ಪಾಠ ಮಾಡುವಾಗ ಈ ಪ್ರಕರಣ ಹೇಳಿದ ಮೇಲೆ, ನನ್ನ ತರಗತಿಯಲ್ಲಿ ಸುಮ್ನೆ ಗುಣಿಸುವವರು ಕಡಿಮೆಯಾಗಿದ್ದಾರೆ.

ಹಂತ 8: ಎಣಿಕೆ ಕೈಯಲ್ಲಿದ್ದರೆ ಪಟ್ಟಿ ಹಾಕಿ

ಕೆಲವು ಸಲ ಸಂಭವನೀಯತೆ ಕೊಟ್ಟಿರುವುದಿಲ್ಲ, ಎಣಿಕೆ ಕೊಟ್ಟಿರುತ್ತಾರೆ. ಅಭ್ಯಾಸಕ್ಕೆ ಒಂದು ಲೆಕ್ಕ. ಶಾಲೆಯಲ್ಲಿ 200 ಮಕ್ಕಳು. 80 ಜನ ಬಸ್ಸಿನಲ್ಲಿ ಬರುತ್ತಾರೆ. ಒಂದು ದಿನ 50 ಜನ ತಡವಾಗಿ ಬಂದರು. ಬಸ್ಸಿಗೂ ತಡಕ್ಕೂ ನಂಟಿಲ್ಲದಿದ್ದರೆ, ಬಸ್ಸಿನಲ್ಲಿ ಬಂದು ತಡವಾದವರು 80 × 50 ÷ 200, ಅಂದರೆ 20 ಜನ ಇರಬೇಕು. ಎಣಿಸಿದರೆ 35 ಜನ ಇದ್ದಾರೆ. ಅವಲಂಬಿತ.

ಎರಡು ಮಾತು ನೆನಪಿಡಿ. ನಿಜವಾದ ಎಣಿಕೆಯಲ್ಲಿ ಸರಿಯಾಗಿ 20 ಬರುವುದು ಅಪರೂಪ. 19 ಅಥವಾ 22 ಬಂದರೆ ಅದು ಆಕಸ್ಮಿಕ ಏರಿಳಿತ ಇರಬಹುದು, ಕೂಡಲೇ ಅವಲಂಬಿತ ಎಂದು ಷರಾ ಬರೆಯಬೇಡಿ. ಇನ್ನೊಂದು, ಅವಲಂಬಿತ ಎಂದ ಮಾತ್ರಕ್ಕೆ ಬಸ್ಸೇ ತಡಕ್ಕೆ ಕಾರಣ ಎಂದಲ್ಲ. ದೂರದ ಹಳ್ಳಿಯ ಮಕ್ಕಳೇ ಬಸ್ಸಿನಲ್ಲಿ ಬರುತ್ತಿರಬಹುದು, ಅವರಿಗೆ ದೂರವೇ ತೊಡಕಾಗಿರಬಹುದು. ಪಟ್ಟಿ ನಂಟನ್ನು ತೋರಿಸುತ್ತದೆ, ಕಾರಣವನ್ನಲ್ಲ.

ಹಂತ 9: ಈಗ ಗುಣಿಸಿ

ಸ್ವತಂತ್ರ ಎಂದು ಖಚಿತವಾದ ಮೇಲೆ ಗುಣಾಕಾರ ಸುಲಭ. "ಕನಿಷ್ಠ ಒಂದು ಸಲ" ಎಂಬ ಮಾತು ಪ್ರಶ್ನೆಯಲ್ಲಿ ಕಂಡರೆ ಉಲ್ಟಾ ದಾರಿ ಹಿಡಿಯಿರಿ. ಒಂದು ದಾಳವನ್ನು ನಾಲ್ಕು ಸಲ ಎಸೆದಾಗ ಕನಿಷ್ಠ ಒಂದು 6 ಬೀಳುವ ಸಾಧ್ಯತೆ? ಒಂದೂ 6 ಬೀಳದಿರುವುದು 5/6ನ್ನು ನಾಲ್ಕು ಸಲ ಗುಣಿಸಿದಷ್ಟು, 625/1296. ಅದನ್ನು 1ರಿಂದ ಕಳೆದರೆ 671/1296, ಸುಮಾರು 0.518. ಎರಡು ಘಟನೆಗಳು ಸ್ವತಂತ್ರವಾಗಿದ್ದರೆ ಅವು ನಡೆಯದಿರುವುದೂ ಸ್ವತಂತ್ರ. ಅದಕ್ಕೇ 5/6ನ್ನು ಹೀಗೆ ಗುಣಿಸಬಹುದು.

ಮೂರು ಘಟನೆಗಳಿದ್ದರೆ ಇನ್ನೊಂದು ಬಲೆ ಇದೆ. ಎರಡು ನಾಣ್ಯ ಚಿಮ್ಮಿ. ಮೊದಲನೆಯದು ತಲೆ, ಎರಡನೆಯದು ತಲೆ, ಎರಡೂ ಒಂದೇ ಥರ, ಇವು ಮೂರು ಘಟನೆಗಳು. ಯಾವ ಎರಡನ್ನು ತೆಗೆದುಕೊಂಡರೂ 1/2 × 1/2 = 1/4, ಸ್ವತಂತ್ರ. ಆದರೆ ಮೂರೂ ಒಟ್ಟಿಗೆ ಆಗುವುದು ತಲೆ-ತಲೆ ಬಿದ್ದಾಗ, ಅಂದರೆ 1/4. ಮೂರನ್ನೂ ಗುಣಿಸಿದರೆ 1/8 ಬರುತ್ತದೆ, ತಪ್ಪು. ಜೋಡಿ ಜೋಡಿಯಾಗಿ ನೋಡಿ ಸುಮ್ಮನಾಗಬೇಡಿ. ಮೂರನ್ನೂ ಒಟ್ಟಿಗೆ ಒಮ್ಮೆ ಪರೀಕ್ಷಿಸಿ.

ನೀವೇ ಮಾಡಿ ನೋಡಿ

ಒಂದು: ಡಬ್ಬಿಯಲ್ಲಿ 5 ಕೆಂಪು, 3 ಹಸಿರು ಬಳೆ. ನೋಡದೆ ಒಂದಾದ ಮೇಲೆ ಒಂದು ಎರಡು ಬಳೆ ತೆಗೆದಿರಿ, ವಾಪಸ್ ಇಡಲಿಲ್ಲ. ಎರಡೂ ಕೆಂಪು ಬರುವ ಸಾಧ್ಯತೆ?

ಎರಡು: ಎರಡು ದಾಳ. "ಕೆಂಪಿನಲ್ಲಿ 3" ಮತ್ತು "ಎರಡರಲ್ಲೂ ಒಂದೇ ಸಂಖ್ಯೆ". ಸ್ವತಂತ್ರವಾ?

ಮೂರು: ಒಂದು ಘಟನೆಗೆ 0.4, ಇನ್ನೊಂದಕ್ಕೆ 0.5, ಎರಡರಲ್ಲಿ ಒಂದಾದರೂ ಆಗುವುದಕ್ಕೆ 0.7. ಸ್ವತಂತ್ರವಾ? ಪಿಯುಸಿಯಲ್ಲಿ ಈ ಥರದ್ದು ಬರುತ್ತದೆ.

ನಾಲ್ಕು: ಮೇಲಿನ ಲೆಕ್ಕದಲ್ಲಿ 0.7ರ ಬದಲು 0.9 ಇದ್ದರೆ?

ಉತ್ತರಗಳು. ಮೊದಲನೆಯದು ಅವಲಂಬಿತ, 5/8 × 4/7 = 5/14. ಎರಡನೆಯದರಲ್ಲಿ ಒಂದೇ ಸಂಖ್ಯೆ ಬೀಳುವುದಕ್ಕೆ 6/36, ಎರಡೂ ಆಗುವುದು 3-3 ಮಾತ್ರ, 1/36. 1/6 × 1/6 ಕೂಡ ಅಷ್ಟೇ. ಸ್ವತಂತ್ರ. ಮೂರನೆಯದರಲ್ಲಿ ಎರಡೂ ಒಟ್ಟಿಗೆ ಆಗುವುದನ್ನು ಮೊದಲು ಹುಡುಕಿ: 0.4 + 0.5 − 0.7 = 0.2. ಗುಣಲಬ್ಧವೂ 0.2. ಸ್ವತಂತ್ರ. ನಾಲ್ಕನೆಯದರಲ್ಲಿ ಎರಡೂ ಒಟ್ಟಿಗೆ ಆಗುವುದು 0.4 + 0.5 − 0.9 = 0. ಅವು ಒಟ್ಟಿಗೆ ಆಗಲಾರದ ಘಟನೆಗಳು, ಆದ್ದರಿಂದ ಅವಲಂಬಿತ. ಇಲ್ಲಿ "ಸ್ವತಂತ್ರ" ಎಂದು ಬರೆದಿದ್ದರೆ ಐದನೇ ಹಂತವನ್ನು ಇನ್ನೊಮ್ಮೆ ಓದಿ, ನಾಣ್ಯದ ಉದಾಹರಣೆಯನ್ನು ಕೈಯಲ್ಲಿ ನಾಣ್ಯ ಹಿಡಿದೇ ಮಾಡಿ ನೋಡಿ.